ವಾಚನಾಲಯದ ಬೀಗ ಯಾವ ಪಕ್ಷದ್ದು?

ನಗರಾಡಳಿತದ ಕುರ್ಚಿಯಲ್ಲಿರುವ ಮಾನ್ಯರೇ,

ನಮ್ಮ ಬೀದಿಯ ವಾಚನಾಲಯಕ್ಕೆ ತಾವು ಬೀಗ ಜಡಿಸಿದ್ದೀರಿ. ಯಾವ ಕಾನೂನಿನಡಿ ಎಂದು ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಿಲ್ಲ. ಅದನ್ನು ಕೇಳಲೆಂದು ತಮ್ಮ ಕಚೇರಿಗೆ ಬಂದ ದರ್ಜಿ ನಾನು. ಜೊತೆಗಿದ್ದವರು ನನ್ನ ಅಕ್ಕನ ಗಂಡ, ಬಸ್ಸು ಓಡಿಸಿ ನಿವೃತ್ತರಾದವರು.

ಕಾರಣ ಕೇಳಿದ್ದಕ್ಕೆ ತಾವು ಕನ್ನಡಕ ಸರಿಮಾಡಿಕೊಂಡು, "ಮೊದ್ಲು ಇದು ಹೇಳಿ, ನೀವು ಎಡದವ್ರೋ ಬಲದವ್ರೋ?" ಅಂದಿರಿ.

"ಎದುರುಮನೆಯವಳು ಸಾರ್," ಅಂದೆ.

ತಮಗೆ ನಗು ಬರಲಿಲ್ಲ. "ಅಲ್ಲಿ ಸರ್ಕಾರನ ಬೈಯೋರು ಸೇರ್ತಾರಂತೆ."

ಸೇರುತ್ತೇವೆ, ಮಾನ್ಯರೇ. ಹೊಗಳುವವರೂ ಸೇರುತ್ತಾರೆ, ಅವರ ಗಂಟಲೇ ದೊಡ್ಡದು. ಅವರ ಮುಂದಾಳು ನಮ್ಮ ಭಾವ. ಒಂದೇ ಪತ್ರಿಕೆಯನ್ನು ಅವರು ಮೊದಲ ಪುಟದಿಂದ, ನಾನು ಕೊನೆಯ ಪುಟದಿಂದ ಓದುತ್ತಾ ಬಂದು ನಡುಪುಟದಲ್ಲಿ ಜಗಳಕ್ಕೆ ನಿಲ್ಲುವುದು ನಮ್ಮ ಹಳೆಯ ರೂಢಿ. ಬೀದಿದೀಪ ಸರ್ಕಾರವೇ ಹಾಕಿಸಲಿ ಎಂದರೆ ನಾನು ಎಡಪಂಥೀಯಳಂತೆ, ಹೊಲಿಗೆ ಅಂಗಡಿಗೆ ಇಷ್ಟೊಂದು ಪರವಾನಗಿ ಯಾಕೆಂದರೆ ಬಲಪಂಥೀಯಳಂತೆ. ಅಳತೆಯನ್ನೇ ತೆಗೆಯದೆ ಹೀಗೆ ಅಂಗಿ ಹೊಲಿದುಕೊಟ್ಟರೆ ನನ್ನ ಗಿರಾಕಿಗಳು ಸುಮ್ಮನಿರುತ್ತಾರೆಯೇ?

ಭಾವ ಯಾವ ಪಕ್ಷವೆಂದು ತಿಳಿದದ್ದೇ ತಡ, ತಮ್ಮ ಮುಖ ಅರಳಿತು. ಬೀಗದ ಕೈ ಅವರ ಮುಂದಿಟ್ಟು, "ನೀವು ನಮ್ಮವ್ರು. ನಿಮಗೆ ಬೇಕಾದೋರ್ನ ಕರ್ಕೊಂಡು ಓದ್ಕೊಳ್ಳಿ," ಅಂದಿರಿ.

ಪತ್ರಿಕೆ ಓದದಿದ್ದರೆ ಊಟ ರುಚಿಸದ ಮನುಷ್ಯ ನಮ್ಮ ಭಾವ. ಕೈ ಚಾಚಿಯೂ ಬಿಟ್ಟರು. ಆಮೇಲೆ ಆ ಬೀಗದ ಕೈಯನ್ನು ಮೆಲ್ಲಗೆ ತಮ್ಮ ಕುರ್ಚಿಯ ಕಡೆಗೇ ವಾಪಸು ಸರಿಸಿದರು.

"ಸಾರ್, ಇವಳ ಮಾತು ಒಂದೂ ನಂಗೆ ಹಿಡಿಸಲ್ಲ. ಆದ್ರೆ ಇವತ್ತು ನಿಮ್ಮವನು ಅಂತ ನಂಗೆ ಕೊಟ್ರಿ. ನಾಳೆ ಈ ಕುರ್ಚೀಲಿ ಇವಳ ಕಡೆಯವ್ರು ಕೂತ್ರೆ ನಾನು ಯಾರನ್ನ ಕೇಳ್ಲಿ? ಮುಚ್ಚಿದ್ದು ಯಾಕೆ ಅಂತ ಬರೆದುಕೊಡಿ, ಸಾಕು."

ಬರೆದುಕೊಡಲು ಮೇಲಿನಿಂದ ಆದೇಶ ಬರಬೇಕು ಅಂದಿರಿ. ಮುಚ್ಚುವುದಕ್ಕೆ ಬೇಡವಾಗಿದ್ದ ಆದೇಶ ಕಾರಣ ಹೇಳುವುದಕ್ಕೆ ಯಾಕೆ ಬೇಕಾಯಿತು? ಕುರ್ಚಿಯಲ್ಲಿ ಕೂತವರ ಮನಸ್ಸು ನೋಡಿಕೊಂಡು ಬದುಕುವ ಪಾಡು ಯಾರಿಗೂ ಬಾರದಿರಲೆಂದೇ ಅಲ್ಲವೇ ಸಂವಿಧಾನ ಇರುವುದು? ಅದು ನನ್ನನ್ನೂ ಭಾವನನ್ನೂ ಕಾಯುವಂತೆ ತಮ್ಮನ್ನೂ ಕಾಯುತ್ತದೆ. ನಾಳೆ ತಮ್ಮನ್ನು ಕಾರಣವಿಲ್ಲದೆ ಎಬ್ಬಿಸಿ ಕಳಿಸಿದರೆ ತಾವು ಹಿಡಿದುಕೊಂಡು ಓಡುವುದು ಅದನ್ನೇ.

ಮನೆಯ ತಿರುವಿನಲ್ಲಿ ಭಾವ, "ನಿನ್ನ ಪರವಾಗಿ ಮಾತಾಡ್ದೆ ಅಂದ್ಕೋಬೇಡ," ಅಂದರು.

"ಅಂದ್ಕೊಳ್ಳಲ್ಲ, ಭಾವ."

ಆದ್ದರಿಂದ ಮಾನ್ಯರೇ, ಕಾನೂನಿದ್ದರೆ ತೋರಿಸಿ, ನಮ್ಮ ಮಾತನ್ನೂ ಕೇಳಿ ತೀರ್ಮಾನಿಸಿ. ಇಲ್ಲವಾದರೆ ಬಾಗಿಲು ತೆಗೆಸಿ. ನನಗೂ, ಅವರಿಗೂ, ಬಿಡುವಾದಾಗ ಬಂದರೆ ತಮಗೂ.

ಇಂತಿ,
ಜಗಳಕ್ಕೆ ಜಾಗವಿಲ್ಲದೆ ಭಾವನೊಡನೆ ರಾಜಿಯಾಗಿಬಿಡುವ ಅಪಾಯದಲ್ಲಿರುವ ದರ್ಜಿ