ಖಂಡೆಪೂಜೆಗೆ ಮಲಗಿಸಿದ ಮಷೀನು

೨೯ ಸೆಪ್ಟೆಂಬರ್, ಸೋಮವಾರ
ಘಾಟ್ಕೋಪರ್‌ನಿಂದ ಮೆಟ್ರೋ, ಆಮೇಲೆ ಲೋಕಲ್. ಮಲಾಡ್ ಆಫೀಸಿನಲ್ಲಿ ಕಸ, ಚಹಾ, ಮತ್ತೆ ಕಸ. ಸಾಧನಾ ಇವತ್ತೂ ಊಟ ಬಿಟ್ಟಿದ್ದಳು. ಬಸುರಿ ಹೆಂಗಸು. ನನ್ನ ಡಬ್ಬಿಯನ್ನೇ ಕೊಟ್ಟೆ — ರೊಟ್ಟಿ, ಶೇಂಗಾ ಚಟ್ನಿ. ಮೈಸೂರಿನವರ ಮಗಳು, ಬೆಳೆದದ್ದು ಬೊರಿವಲಿ. ಏನು ಕೆಲಸವೆಂದು ಕೇಳಿದೆ.
“ಹಳೇ ವೆಬ್ ಪೇಜ್ ಇರತ್ತಲ್ಲ ಕಸ್ತೂರಿ ಆಂಟಿ, ಎಚ್‌ಟಿಎಮ್‌ಎಲ್, ಎಕ್ಸ್‌ಎಮ್‌ಎಲ್... ಡೇಟಾಬೇಸ್ ಅದನ್ನ ಓದಿ ಒಳಗೇ ಮರ ಮಾಡತ್ತೆ. ಬೇರು, ಕೊಂಬೆ, ಕೊಂಬೆಗೆ ಕೊಂಬೆ. ನಾನು ಚೆಕ್ ಮಾಡ್ತೀನಿ. ಎಲ್ಲ ಮುಗಿದ್ಮೇಲೇ ಸೇವ್ ಮಾಡು ಅಂದಿದಾರೆ ಸರ್. ಅಲ್ಲಿವರೆಗೂ ಬರೀ ಮೆಮೊರೀಲಿ.”
“ಅಂದ್ರ ರಾಶಿ ಇನ್ನೂ ಕಣದಾಗ ಐತಿ. ನೆಲದಾಗಿನ ಹಗೇವಿಗೆ ಬಿದ್ದಿಲ್ಲ.”
ನಕ್ಕಳು. ಇದು ಮುಗಿದರೆ ಪರ್ಮನೆಂಟ್. ಹೆರಿಗೆಗೆ ಸಂಬಳದ ರಜೆ. ಅವಳ ಸರ್ ಶಶಿಕಾಂತ ಸಾಹೇಬರಿಗೆ ಅದೇ ಉರಿ.

೧ ಅಕ್ಟೋಬರ್, ಸಂಜೆ
ಇಲ್ಲಿಯವರಿಗೆ ಆಯುಧಪೂಜೆ ನಾಳೆ, ದಸರೆಗೆ. ನಮ್ಮ ಕಡೆ ಇವತ್ತೇ ಖಂಡೆಪೂಜೆ. ಕುಡುಗೋಲು, ಕೂರಿಗೆ ಕೂಡ ಕೆಲಸ ಬಿಟ್ಟು ಕೂರುವ ದಿನ. ಎಲ್ಲರೂ ಗರಬಾಕ್ಕೆ ಹೋದರು. ಸಾಧನಾಳ ಮಷೀನು ಮಾತ್ರ ಗುರ್ ಎನ್ನುತ್ತಿತ್ತು. ಅವಳ ಅನ್ನ ಅದು. ಒರೆಸಿದೆ. ವಿಭೂತಿ, ಕುಂಕುಮ, ಒಂದು ಚೆಂಡುಹೂ. ಹೊಟ್ಟೆಯ ಕೂಸಿಗೂ ಸೇರಿಸಿ ಬೇಡಿಕೊಂಡೆ. ಸ್ವಿಚ್ ಆರಿಸಿದೆ. ದಣಿದದ್ದು ಮಲಗಿ ಎದ್ದರೆ ಕೆಟ್ಟೀತೆ.

೩ ಅಕ್ಟೋಬರ್
ಮಷೀನು ಆರಿದ್ದಕ್ಕೆ ಮೆಮೊರಿಯಲ್ಲಿದ್ದ ಮರ ಒಂದೂ ಉಳಿದಿಲ್ಲ. ಸಾಧನಾ ಮಳೆಗಾಲವಿಡೀ ಮಾಡಿದ್ದು. ತಪ್ಪು ಅವಳದೇ ಎಂದು ಕೆಲಸದಿಂದ ತೆಗೆದರು.
ಕ್ಯಾಬಿನ್‌ಗೆ ಹೋಗಿ ಹೇಳಿದೆ — ಆರಿಸಿದವಳು ನಾನು. ಸಾಹೇಬರು ಹೂವು, ಕುಂಕುಮ ಎಲ್ಲ ನೋಡಿದ್ದರು. ಹಿಂದಿಯಲ್ಲಿ ಅಂದರು, “ಮೌಶಿ, ಅವಳನ್ನ ಉಳಿಸೋಕೆ ಸುಳ್ಳು ಹೇಳಬೇಡಿ. ದೇವರು ಮೆಚ್ಚಲ್ಲ.”
“ಸುಳ್ಳಲ್ಲ ಸಾಬ್. ಬಸವಣ್ಣನಾಣೆ.”
“ಆಯ್ತು, ಕಟಿಂಗ್ ಚಹಾ ತನ್ನಿ. ಸಕ್ಕರೆ ಕಮ್ಮಿ.”
ಚಹಾ ಒಯ್ದಾಗ ಫೋನಿನಲ್ಲಿ ನಗುತ್ತಿದ್ದರು. “ರಜೆ ಸಂಬಳ ಉಳೀತು ಯಾರ್. ಸೇವ್ ಮಾಡ್ಬೇಡ ಅಂತ ನಾನ್ಯಾವಾಗ ಹೇಳಿದ್ದೆ?”

೬ ಅಕ್ಟೋಬರ್
ಸಾಧನಾ ಸಾಮಾನು ಒಯ್ಯಲು ಬಂದಳು. ಪೂಜೆ ಮಾಡಿ ಆರಿಸಿದವಳು ನಾನೆಂದು ಹೇಳಿ ಕಾಲು ಹಿಡಿಯಲು ಬಗ್ಗಿದೆ. ಹಿಂದೆ ಸರಿದಳು.
“ಮುಟ್ಟಬೇಡಿ. ನಿಮ್ಮ ಪೂಜೆ ನನ್ನ ಮಗೂಗೆ ಬೇಡ.”
ಡಬ್ಬಿ ತಿರುಗಿ ಕೊಟ್ಟಳು. ತೊಳೆದದ್ದು. ಖಾಲಿ. ಪ್ರತಿಸಲ ಒಂದು ಚೂರು ಬೆಲ್ಲವಾದರೂ ಹಾಕಿ ಕೊಡುತ್ತಿದ್ದಳು.

೨೧ ಅಕ್ಟೋಬರ್, ಅಮಾವಾಸ್ಯೆ
ಆಫೀಸಿನಲ್ಲಿ ಲಕ್ಷ್ಮೀಪೂಜೆ. ಸಾಧನಾಳ ಕುರ್ಚಿಗೆ ರೂಪಾಲಿ ಅಂತ ಹೊಸ ಹುಡುಗಿ. ಬಂದ ದಿನವೇ ಚಕ್ಕುಲಿ ಕೊಟ್ಟಳು. ಅದೇ ಮಷೀನು, ಅದೇ ಮರಗಳು ಮತ್ತೆ ಮೊದಲಿಂದ. ಇನ್ನೂ ಸೇವ್ ಆಗಿಲ್ಲವಂತೆ.
ಸಾಹೇಬರು ಎಲ್ಲರೆದುರು ಅಂದರು, “ಕುಂಕುಮ ಮೌಶಿನೇ ಹಚ್ಚಲಿ. ಕೈಗುಣ ಒಳ್ಳೇದು.” ನಕ್ಕರು. ಸೀರೆಯ ಪಾಕೀಟು ಕೊಟ್ಟರು. ಈಸಿಕೊಂಡೆ. ಹಚ್ಚಿದೆ.
ಈಗ ಎಲ್ಲರೂ ಪಟಾಕಿಗೆ ಕೆಳಗಿಳಿದಿದ್ದಾರೆ. ಪ್ಯಾಂಟ್ರಿಗೂ ಆ ಗುರ್ ಕೇಳುತ್ತಿದೆ. ಮುಂದಿನ ವಾರ ದೊಡ್ಡ ಸಾಹೇಬರು ನೋಡಲು ಬರುತ್ತಾರಂತೆ. ಶಶಿಕಾಂತನಿಗೆ ತೋರಿಸಲು ಏನೂ ಇರದಿದ್ದರೆ...
ಆದರೆ ಹೊಡೆತ ಬೀಳುವುದು ಅವನಿಗಲ್ಲ. ರೂಪಾಲಿಗೆ. ಗೊತ್ತು. ಬಸವಣ್ಣಾ, ಗೊತ್ತಿದ್ದೂ ಎದ್ದು ಆ ಸ್ವಿಚ್ಚಿನ ಕಡೆಗೆ —