ಅರಗಿನ ಕೆಳಗಿನ ಬೋಲ್ಟು

ಕ್ರಿ.ಶ. 2193, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ, ಕಲಬುರಗಿ

ವಿಜಯಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಮುತ್ತಜ್ಜನ ಮುತ್ತಜ್ಜನವರಿಗೆ, ನಿಮ್ಮ ವಂಶದ ನಾಗಲಿಂಗ ಪತ್ತಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಾತಿನಲ್ಲಿ ಅಲ್ಲಲ್ಲಿ ಹೊಸ ಪದ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ರೂಢಿ ನಿಂತುಹೋಗಿದೆ, ಬರೆದರೆ ಓದಿದವರು ನಂಬುವುದಿಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಟಪಾಲು ಮುಟ್ಟಿಸುವ ಇಲಾಖೆ. ಅಲ್ಲಿಯ ಗುಮಾಸ್ತ ಎಲ್ಲ ಕಾಗದಗಳನ್ನೂ ಒಂದು ಟ್ರಂಕಿಗೆ ತುಂಬಿ ಕೀಲಿ ಹಾಕುತ್ತಾನೆಂದು ನನಗೆ ಬಹಳ ದಿನದಿಂದ ಗುಮಾನಿ. ಆದರೂ ಬರೆಯುತ್ತಿದ್ದೇನೆ.

ನನ್ನ ಉದ್ಯೋಗ ಬಿಚ್ಚುಗಾರಿಕೆ. ನಿಮ್ಮ ಕಾಲದಲ್ಲಿ ಯಾರೋ ಪುಣ್ಯಾತ್ಮರು ಸೈಕಲ್ಲಿನ ಕೊಳವೆಯೊಳಗೆ ಮೋಟಾರು ಅಡಗಿಸಿ ಗೆದ್ದರಂತೆ. ಅಂದಿನಿಂದ ಜನ ಯಾವ ಗೆಲುವನ್ನೂ ನಂಬಲಿಲ್ಲ. ಯಂತ್ರದಿಂದ ತಪಾಸಣೆ ಮಾಡಿದರು, ಆಮೇಲೆ ಆ ಯಂತ್ರವನ್ನೇ ನಂಬಲಿಲ್ಲ. ಕಡೆಗೆ ಉಳಿದದ್ದು ನಾವು. ಓಟ ಮುಗಿದ ಕೂಡಲೇ ಗೆದ್ದವರ ಸೈಕಲ್ಲನ್ನು ಜನರೆದುರು ಜಮಖಾನೆಯ ಮೇಲೆ ಇಟ್ಟು, ಅರವತ್ತನಾಲ್ಕು ಭಾಗ ಮಾಡಿ, ಒಂದೊಂದನ್ನೂ ಬೆಳಕಿಗೆ ಹಿಡಿದು ತೋರಿಸಿ, ಮತ್ತೆ ಕೂಡಿಸಬೇಕು. ಕೂಡಿಸಿದ ಪ್ರತಿ ಬೋಲ್ಟಿನ ಮೇಲೆ ಒಂದು ಹನಿ ಅರಗು. ಮರುದಿನ ಸವಾರರು ಅದೇ ಸೈಕಲ್ಲು ಹತ್ತಬೇಕು. ಅರಗು ಒಡೆದಿದ್ದರೆ ಅವರೇ ಕಳ್ಳರು. ಇಡೀ ಓಟದಲ್ಲಿ ಅನುಮಾನಕ್ಕೆ ಹೊರಗಾದವನು ಬಿಚ್ಚುಗಾರ ಒಬ್ಬನೇ. ತಪ್ಪೊಪ್ಪಿಕೊಂಡ ಬಿಚ್ಚುಗಾರ ಬೋಲ್ಟು ತಿರುಗಿಸುವ ತನ್ನ ಪಾನಾವನ್ನು ಕೈಬಿಡಬೇಕು, ಮತ್ತೆ ಹಿಡಿಯುವಂತಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂಬತ್ತು ಮಂದಿಯನ್ನು ಹಿಡಿದಿದ್ದೇನೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಮ್ಮ ಕಚೇರಿಯ ಗೋಡೆಗೆ ಬರೆಸಿದವನು ನಾನೇ.

ಮೊನ್ನೆ ದಖನ್ ಓಟದ ಆರನೆಯ ದಿನ, ವಿಜಯಪುರದಿಂದ ಕಲಬುರಗಿಗೆ. ಏರಿಲ್ಲ, ಇಳಿಜಾರಿಲ್ಲ, ರೊಟ್ಟಿ ತಟ್ಟಿದ ಹಾಗೆ ಸಪಾಟು ನೆಲ. ನೂರಾ ಅರವತ್ತು ಕಿಲೋಮೀಟರು ಒಟ್ಟಿಗೆ ಹೋಗಿ ಕೊನೆಯ ಇನ್ನೂರು ಮೀಟರಿನಲ್ಲಿ ಹೊಡೆದಾಡುವ ಓಟ ಅದು. ಬಿಸಿಲಿಗೆ ಅಂಜಿ ನಸುಕಿನಲ್ಲೇ ಹೊರಟು ಒಂಬತ್ತರೊಳಗೆ ಮುಗಿಸುತ್ತಾರೆ. ನಾಲ್ಕು ಮಂದಿ ಮೊದಲೇ ತಪ್ಪಿಸಿಕೊಂಡು ಮುಂದೆ ಹೋದರು, ಜೇವರಗಿ ದಾಟಿದ ಮೇಲೆ ಗುಂಪು ಅವರನ್ನು ನುಂಗಿತು. ದೊಡ್ಡ ತಂಡಗಳು ತಮ್ಮ ತಮ್ಮ ಗಾಳಿಮರೆಯವರನ್ನು ಮುಂದಿಟ್ಟವು. ಗಾಳಿಮರೆಯವರೆಂದರೆ ಎದೆಗೆ ಗಾಳಿ ತಿಂದು, ಬೆನ್ನಿಗೆ ಅಂಟಿದ ಓಟಗಾರನನ್ನು ಕೊನೆಯ ಗಳಿಗೆಯವರೆಗೆ ಜೋಪಾನವಾಗಿ ತರುವವರು. ಬಲದಿಂದ ಗಾಳಿ ಬೀಸುತ್ತಿತ್ತು, ಎಲ್ಲರೂ ರಸ್ತೆಯ ಎಡದಂಡೆ ಹಿಡಿದಿದ್ದರು. ಆಗ ಸಾಲಿನಲ್ಲಿ ಹದಿನಾಲ್ಕನೆಯವಳಾಗಿದ್ದ ಒಬ್ಬ ಹುಡುಗಿ, ಮುಂದೆ ಒಬ್ಬ ಗಾಳಿಮರೆಯವನೂ ಇಲ್ಲದೆ, ಬಲದಂಡೆಗೆ ಹೊರಳಿ ಎಲ್ಲರನ್ನೂ ಹಿಂದೆ ಹಾಕಿ ಗೆರೆ ದಾಟಿಬಿಟ್ಟಳು. ಹೆಸರು ಜೈಬುನ್ ನದಾಫ. ಸಣ್ಣ ತಂಡದ, ಇಪ್ಪತ್ತೆರಡು ವರ್ಷದ ಹುಡುಗಿ.

ಜನ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಬಿಚ್ಚುವುದು ಮುಗಿಯುವ ತನಕ ಯಾರೂ ತಟ್ಟುವುದಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಇದರಲ್ಲಿ ಏನೋ ಇದೆ ಎಂದು ನನ್ನ ಮನಸ್ಸು ಆಗಲೇ ಹೇಳಿತ್ತು.

ಅರವತ್ತನಾಲ್ಕೂ ಭಾಗ ಬಿಚ್ಚಿದೆ. ಏನೂ ಸಿಗಲಿಲ್ಲ. ಚಕ್ರದ ನಡುವಿನ ಗುಂಬವನ್ನು ಎರಡು ಸಲ ತೆಗೆದೆ, ಸೀಟಿನ ಕೊಳವೆಗೆ ಕಡ್ಡಿ ಹಾಕಿ ನೋಡಿದೆ. ಹುಡುಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ಇಷ್ಟು ನಿರಾಳವಾಗಿ ಕೂತದ್ದೇ ನನಗೆ ಇನ್ನೊಂದು ಅನುಮಾನವಾಯಿತು. ಅವಳೇ ಅಂದಳು:

“ಕಾಕಾ, ಎಷ್ಟರ ಬಿಚ್ಚರಿ, ನಾ ಬ್ಯಾಡ ಅನ್ನಂಗಿಲ್ಲ. ಕೂಡಿಸೂ ಮುಂದ ಸ್ವಲ್ಪ ಲಕ್ಷ್ಯ ಕೊಟ್ಟು ಕೂಡಸ್ರಿ. ನಾಳೆ ಅದರ ಮ್ಯಾಲೆ ಕುಂಡ್ರಾಕಿ ನಾನ.”

ಕೂಡಿಸುವಾಗ ಹ್ಯಾಂಡಲಿನ ಕುತ್ತಿಗೆಯ ಬೋಲ್ಟನ್ನು ಬೆರಳಲ್ಲಷ್ಟೇ ತಿರುಗಿಸಿ ಬಿಟ್ಟೆ. ಕುತ್ತಿಗೆಯ ಕೊಳವೆಯೊಳಗೆ ಇನ್ನೊಮ್ಮೆ ಇಣುಕಿ ನೋಡಿ ಆಮೇಲೆ ಬಿಗಿ ಮಾಡಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವಳು ಶೇಂಗಾದ ಪೊಟ್ಟಣವನ್ನು ಮಡಿಚಿ ಕಿಸೆಗೆ ಹಾಕಿದಳು. ಅದರಲ್ಲೇನಿದೆ ಎಂದು ಇಸಿದುಕೊಂಡು ನೋಡಿದೆ. ಸಿಪ್ಪೆ ಇತ್ತು. ತಿರುಗಿ ಬಂದು ಕೂತವನು ಸಾಲಾಗಿ ಎಲ್ಲ ಬೋಲ್ಟಿಗೂ ಅರಗು ಹಾಕಿದೆ. ಬಿಗಿಯದ ಆ ಬೋಲ್ಟಿಗೂ ಹಾಕಿದೆ.

ಮರುದಿನ ರಾಯಚೂರಿನ ಹಾದಿ, ಅದೂ ಸಪಾಟು, ಕೊನೆಯವರೆಗೆ ಹ್ಯಾಂಡಲಿಗೆ ಜೋರು ಬೀಳುವುದಿಲ್ಲ. ಗೆರೆಗೆ ಮುನ್ನೂರು ಮೀಟರು ಇರುವಾಗ ಜೈಬುನ್ ಸೀಟಿನಿಂದ ಎದ್ದು ಹ್ಯಾಂಡಲಿಗೆ ಜೋರು ಹಾಕಿದಳು. ಹ್ಯಾಂಡಲು ಒಂದು ಕಡೆ ತಿರುಗಿತು, ಚಕ್ರ ತಿರುಗಲಿಲ್ಲ. ಬಿದ್ದ ಪೆಟ್ಟಿಗೆ ಹೆಗಲ ಎಲುಬು ಮುರಿಯಿತು, ಮೊಣಕಾಲಿನ ಚಿಪ್ಪು ಒಡೆಯಿತು. ಓಟ ನಡೆಸುವ ಮಂಡಳಿಯವರು ಸೈಕಲ್ಲು ಎತ್ತಿ ನೋಡಿದಾಗ ಅರಗು ಒಡೆದಿತ್ತು. ಬಿಗಿಯದ ಬೋಲ್ಟಿನ ಅರಗು ತಾನಾಗಿಯೇ ಒಡೆಯುತ್ತದೆ, ಇದು ನನಗೆ ಗೊತ್ತು. ಮಂಡಳಿಗೆ ಗೊತ್ತಿರುವುದು ಒಂದೇ, ಬಿಚ್ಚುಗಾರ ತಪ್ಪುವುದಿಲ್ಲ. ಬೆಳಿಗ್ಗೆ ಹೊರಡುವ ಮುನ್ನ ಅವಳೇ ಕೊಳವೆ ತೆರೆದು ಏನೋ ಮಾಡಿದ್ದಾಳೆ ಎಂದು ಬರೆದುಕೊಂಡಿದ್ದಾರೆ. ನಾಳೆ ವಿಚಾರಣೆ. ನಾನು ಅರಗು ಸರಿಯಿತ್ತು ಎಂದರೆ ಅವಳ ಗೆಲುವು ಅಳಿಸುತ್ತಾರೆ, ಅವಳು ಜನ್ಮದಲ್ಲಿ ಮತ್ತೆ ಓಟಕ್ಕೆ ಇಳಿಯುವಂತಿಲ್ಲ.

ನಿನ್ನೆ ಸಂಜೆ ಆಸ್ಪತ್ರೆಗೆ ಹೋಗಿದ್ದೆ. ಕ್ಷಮೆ ಕೇಳಲು ಹೋದೆ ಎಂದು ತಿಳಿಯಬೇಡಿ. ಅವಳು ಗೆದ್ದದ್ದು ಹೇಗೆ ಎಂದು ಕೇಳಲು ಹೋದೆ. ಅವಳು ಮೆಲ್ಲಗೆ ಹೇಳಿದಳು:

“ಜ್ವಾಳದ ತೆನಿ ನೋಡಿದೆ ಕಾಕಾ. ಎಡಕ್ಕ ಬಾಗಿದ್ವು ಬಲಕ್ಕ ಬಾಗಾಕತ್ತಿದ್ವು. ಗಾಳಿ ತಿರಗಿತ್ತು. ಎಲ್ಲಾರೂ ಎಡದಂಡಿ ಬಿಡಲಿಲ್ಲ, ನಾ ಬಲಕ್ಕ ಹ್ವಾದೆ. ಇಡೀ ಗುಂಪ ನನಗ ಗಾಳಿಮರಿ ಆತು. ಅಷ್ಟ.”

ನಂಬಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಈಗ ನಮ್ಮ ಸೀಮೆಯಲ್ಲಿ ಜೋಳ ವರ್ಷಕ್ಕೆ ಮೂರು ಸಲ ತೆನೆಗಟ್ಟುತ್ತದೆ. ಇವತ್ತು ಬೆಳಿಗ್ಗೆ, ಅವಳು ಗೆದ್ದ ಕಲಬುರಗಿಯ ರಸ್ತೆಯ ಬದಿಯ ಹೊಲದಲ್ಲಿ ಹೋಗಿ ನಿಂತೆ. ಒಂಬತ್ತಕ್ಕೆ ಸ್ವಲ್ಪ ಮೊದಲು, ಎಡಕ್ಕೆ ಬಾಗಿದ್ದ ತೆನೆಗಳೆಲ್ಲ ನೆಟ್ಟಗಾದವು, ಆಮೇಲೆ ಬಲಕ್ಕೆ ಬಾಗಿದವು. ಹೊಲದಾಕೆ, ಎರಡನೇ ಬ್ಯಾಸಗ್ಯಾಗ ದಿನಾ ಹಿಂಗ ತಿರಗತದ್ರಿ, ಅಂದಳು. ಅಲ್ಲೇ ಬದುವಿನ ಮೇಲೆ ಕೂತೆ, ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಅತ್ತೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆ.

ಆಸ್ಪತ್ರೆಯಿಂದ ಹೊರಡುವಾಗ ಅವಳು ಕೇಳಿದ್ದನ್ನು ಇನ್ನೂ ಬರೆದಿಲ್ಲ. “ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ ಕಾಕಾ. ಆ ಬೋಲ್ಟ್ ಮರತಿರ್ಯೋ, ಬೇಕಂತ ಬಿಟ್ಟಿರ್ಯೋ?”

ಮರೆತೆ ಎಂದೆ. ಅವಳು ತಲೆಯಾಡಿಸಿದಳು, ನಂಬಿದಳೆಂದೇ ತೋರುತ್ತದೆ. ನಾನೇ ನನ್ನನ್ನು ಪೂರ್ತಿ ನಂಬಿಲ್ಲ. ಅವಳು ಕಳ್ಳಿ ಎಂದು ರುಜುವಾತಾಗಲಿ ಎಂಬ ಆಸೆ ಆ ಹೊತ್ತಿಗೆ ನನ್ನ ಬೆರಳಿಗೂ ಇತ್ತೇ ಎಂದು ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ನಾಳೆ ಮಂಡಳಿಯ ಮುಂದೆ ಬೋಲ್ಟು ಬಿಗಿದಿರಲಿಲ್ಲ ಎಂದು ಹೇಳುತ್ತೇನೆ. ಹೇಳಿದ ಮೇಲೆ ನಾನು ಹಿಡಿದ ಆ ಒಂಬತ್ತು ಮಂದಿಯ ಕಡತವನ್ನೂ ಮತ್ತೆ ತೆರೆಯುತ್ತಾರೆ, ತೆರೆಯಲಿ. ಇಷ್ಟು ಓದಿದ ನಿಮಗೆ, ನಮ್ಮ ರಕ್ತವೇ ಆದ್ದರಿಂದ, ಒಂದು ಅನುಮಾನ ಬಂದಿರಬೇಕು. ಬೆಳಗಾಗುವುದರೊಳಗೆ ಈ ಮುದುಕನ ಮನಸ್ಸು ತಿರುಗಿದರೆ? ನನಗೂ ಅದೇ ಹೆದರಿಕೆ. ಅದಕ್ಕೇ ನನ್ನ ಪಾನಾವನ್ನು ಈ ಕಾಗದದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ. ಟ್ರಂಕಿಗೇ ಹೋದರೂ ಸರಿ, ನನ್ನ ಕೈಗೆ ಇನ್ನು ಸಿಗುವುದಿಲ್ಲ.

ನಿಮಗೆ ಮುಟ್ಟಿದರೆ ಅಂಗಡಿಯಲ್ಲಿ ಇಟ್ಟುಕೊಳ್ಳಿ, ತುಕ್ಕು ಹಿಡಿಯದಂತೆ ಆಗಾಗ ಎಣ್ಣೆ ಸವರಿ. ಒಳ್ಳೆಯ ಪಾನಾ. ತಪ್ಪು ಅದರದಲ್ಲ.

ನಿಮ್ಮವನೇ,
ನಾಗಲಿಂಗ