ಒಳಗೆ ಕೂತು ಕುಡಿದ ಚಹಾ

ಅಪ್ಪಾ,

ನೀನು ಸತ್ತು ವರ್ಷವಾಯಿತು. ಆದರೂ ಇವತ್ತು ನಿನ್ನ ಮೇಲೆ ಸಿಟ್ಟು ಬಂದಿದೆ.

ಜಗಳೂರಿಗೆ ವರ್ಗವಾದ ಮೇಲೆ ಮೊದಲ ಸಲ, ನೀನು ದಿನಾ ಚಹಾ ಕುಡಿಯುತ್ತಿದ್ದ ಹೋಟೆಲಿಗೆ ಆಫೀಸಿನವರ ಜೊತೆ ಹೋದೆ. ಎಲ್ಲರಿಗೂ ಗಾಜಿನ ಲೋಟ ಬಂತು. ಮಾಲೀಕರು ನನ್ನ ಮುಖ ನೋಡಿ, "ಕೇರಿ ಮೂಕಪ್ಪನ ಮಗಳಲ್ಲೇನವ್ವಾ? ಬಾಳ ಒಳ್ಳೆ ಮನುಷ್ಯ. ಒಂದಿನಾನೂ ಒಳಗೆ ಬಂದೋನಲ್ಲ," ಎನ್ನುತ್ತಾ ನನಗೊಬ್ಬಳಿಗೆ ಪೇಪರ್ ಕಪ್ ಇಟ್ಟರು.

"ನಂಗೂ ಲೋಟದಾಗೇ ಕೊಡ್ರಿ," ಎಂದು ಕೂಗಿದೆ. ಜೊತೆಗಿದ್ದವರು ಮೊಬೈಲು ನೋಡತೊಡಗಿದರು. ಲೋಟ ಬಂತು. ಅಲ್ಲೇ ಕೂತು ಪೂರ್ತಿ ಕುಡಿದೆ.

ಚಿಕ್ಕಂದಿನಲ್ಲಿ ನೀನು ನನ್ನನ್ನು ಇದೇ ಹೋಟೆಲಿನ ಬಾಗಿಲಾಚೆ ನಿಲ್ಲಿಸಿಕೊಂಡು, "ಒಳಗೆ ಬಾಳ ಸೆಕೆ ಐತವ್ವಾ," ಎನ್ನುತ್ತಿದ್ದೆ. ನಾನು ನಂಬಿದ್ದೆ.

ಒಳಗೆ ಹಳೇ ಕಾಲದ ಫ್ಯಾನು ತಣ್ಣಗೆ ತಿರುಗುತ್ತಿತ್ತಪ್ಪಾ.

ಸಂಘಮಿತ್ರಾ